ಕಂಬದಿಂದ ಕಂಬಕ್ಕೆ

ಮೂವತ್ತು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ಗಣಿತ ಹೇಳಿಕೊಡುತ್ತಿದ್ದೇನೆ. ಅದರಲ್ಲೂ ವೇಗ, ದೂರ, ಕಾಲದ ಲೆಕ್ಕ ಬಂತೆಂದರೆ ನನಗೆ ಎಲ್ಲಿಲ್ಲದ ಹುರುಪು. 'ಒಬ್ಬ ಮನುಷ್ಯನು ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಓಡಿದರೆ' ಎಂದು ಬೋರ್ಡಿನ ಮೇಲೆ ಬರೆದು, ಅವನನ್ನು ಓಡಲು ಬಿಟ್ಟು, ಸೀಮೆಸುಣ್ಣದ ಕೈ ಒರೆಸಿಕೊಂಡು ಕುರ್ಚಿಯಲ್ಲಿ ಕೂತುಬಿಡುತ್ತಿದ್ದೆ. ಆ ಮನುಷ್ಯ ಯಾರು, ಅವನಿಗೆ ಮಂಡಿನೋವಿದೆಯೇ, ದಾರಿಯಲ್ಲಿ ನಾಯಿಗಳಿವೆಯೇ, ಮೊದಲ ಕಿಲೋಮೀಟರಿಗೂ ಕೊನೆಯ ಕಿಲೋಮೀಟರಿಗೂ ಅದೇ ವೇಗ ಹೇಗೆ ಉಳಿಯುತ್ತದೆ ಎಂದು ಒಂದು ದಿನವೂ ಯೋಚಿಸಿದವನಲ್ಲ. ಈಗ ಐವತ್ತೇಳನೆಯ ವಯಸ್ಸಿನಲ್ಲಿ ನಾನೇ ಆ ಮನುಷ್ಯನಾಗಿದ್ದೇನೆ. ಲೆಕ್ಕ ಮಾಡಿದವರೆಲ್ಲ ಸೇರಿ ಶಾಪ ಹಾಕಿರಬೇಕು.

ಊರಿನವರಿಗೆಲ್ಲ ಸಕ್ಕರೆ ಕಾಯಿಲೆಯ ಕಾರಣ ಹೇಳಿದ್ದೇನೆ. ನಮ್ಮ ಕಡೆ ಸಕ್ಕರೆ ಕಾಯಿಲೆ ಎಂದರೆ ಯಾರೂ ಮರುಪ್ರಶ್ನೆ ಕೇಳುವುದಿಲ್ಲ, ತಮ್ಮ ಮಾತ್ರೆಯ ಬಣ್ಣ ಹೇಳಿ ಮುಂದೆ ಹೋಗುತ್ತಾರೆ. ನಿಜವಾದ ಕಾರಣ ನನ್ನ ಮಗಳು ಪವಿತ್ರ. ಅವಳು ಓಟಗಾರ್ತಿ. ಏಳನೇ ಕ್ಲಾಸಿನಿಂದ ಪಿಯುಸಿವರೆಗೆ ದಿನಾ ಬೆಳಿಗ್ಗೆ ಅವಳನ್ನು ತೊಣ್ಣೂರು ಕೆರೆಯ ದಾರಿಯಲ್ಲಿ ಓಡಿಸಿದವನು ನಾನು. ಓಡಿಸಿದವನು ಎಂದರೆ, ಅವಳು ಓಡುತ್ತಿದ್ದಳು, ನಾನು ಮೊಪೆಡ್ಡಿನಲ್ಲಿ ಮುಂದೆ ಮುಂದೆ ಹೋಗುತ್ತಿದ್ದೆ. ಕುತ್ತಿಗೆಯಲ್ಲಿ ಸ್ಟಾಪ್‌ವಾಚು, ತಲೆಗೆ ಮಫ್ಲರು. 'ಕೈ ಬೀಸು', 'ಮಂಡಿ ಎತ್ತು', 'ಏನದು ಎಮ್ಮೆ ನಡಿಗೆ' ಎಂದು ಹಿಂದೆ ತಿರುಗಿ ಕೂಗುವುದು ನನ್ನ ಕೆಲಸ. ಮನೆಗೆ ಬಂದು ನೋಟ್‌ಬುಕ್ಕಿನಲ್ಲಿ ತಾರೀಖು, ದೂರ, ನಿಮಿಷ, ಕೊನೆಯಲ್ಲಿ ಷರಾ ಬರೆಯುತ್ತಿದ್ದೆ. ಷರಾ ಹೆಚ್ಚುಕಡಿಮೆ ದಿನಾ ಒಂದೇ: 'ವೇಗ ಇದೆ, ದಮ್ಮು ಸಾಲದು.' ಅರ್ಧ ದಾರಿಗೆ ಅವಳಿಗೆ ಏದುಸಿರು ಬಂದುಬಿಡುತ್ತಿತ್ತು. ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದಳು. ನಾನು ಗೊಣಗಿಕೊಂಡು ಗಾಡಿ ಆಫ್ ಮಾಡಿ, ಅದನ್ನು ತಳ್ಳಿಕೊಂಡು, ಅವಳ ಉಸಿರು ಹಿಂತಿರುಗುವವರೆಗೆ ಪಕ್ಕದಲ್ಲಿ ನಡೆಯುತ್ತಿದ್ದೆ.

ಒಂದು ದಿನ ಅವಳು, "ಅಪ್ಪ, ಒಂದಿನ ನೀನೂ ಓಡಪ್ಪ ನನ್ ಜೊತೆ," ಎಂದಿದ್ದಳು. "ನಾನು ಓಡುದ್ರೆ ಟೈಮ್ ಯಾರು ನೋಡೋರು?" ಎಂದು ಕೇಳಿದ್ದೆ. ಆ ಹೊತ್ತಿಗೆ ಅದು ಬಹಳ ಜಾಣತನದ ಉತ್ತರ ಎನ್ನಿಸಿತ್ತು. ಈಗ ಅವಳು ದೇವಲಾಪುರದ ಸೊಸೆ, ನಾಗಮಂಗಲದ ಒಂದು ಶಾಲೆಯಲ್ಲಿ ಪಿಟಿ ಟೀಚರು. ಇಲ್ಲಿಂದ ಅಲ್ಲಿಗೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯೂ ಅಲ್ಲ. ಆದರೆ ಶಾಲೆ, ಅತ್ತೆಮನೆ, ಹಸು, ಅವರಿವರ ಮದುವೆ ಎಂದು ಅವಳು ನಮ್ಮ ಮನೆಯಲ್ಲಿ ತಂಗುವುದು ವರ್ಷಕ್ಕೆ ನಾಲ್ಕು ದಿನ. ಬೆಳಿಗ್ಗೆ ಐದಕ್ಕೆ ನನಗೆ ಈಗಲೂ ಎಚ್ಚರವಾಗುತ್ತದೆ. ಎಬ್ಬಿಸಲು ಮನೆಯಲ್ಲಿ ಯಾರೂ ಇಲ್ಲ. ಸ್ಟಾಪ್‌ವಾಚು ಮೊಳೆಗೆ ನೇತಾಡುತ್ತಿದೆ. ಅದನ್ನು ನೋಡಿದಾಗಲೆಲ್ಲ ಆ ಉತ್ತರ ನೆನಪಾಗಿ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಹಾಗಾಗಿ ಈ ಬೇಸಿಗೆಯಲ್ಲಿ ಒಂದು ಗುಟ್ಟಿನ ತೀರ್ಮಾನ ಮಾಡಿದೆ. ಗೌರಿ ಹಬ್ಬಕ್ಕೆ ಮಗಳು ಬರುತ್ತಾಳೆ. ಅಷ್ಟರೊಳಗೆ ಓಡುವುದನ್ನು ಕಲಿತು, ತೊಣ್ಣೂರು ಕೆರೆ ಏರಿಯ ಮೇಲೆ ಒಂದು ಸಲ, ಒಂದೇ ಒಂದು ಸಲ, ಅವಳ ಪಕ್ಕದಲ್ಲಿ ಓಡಬೇಕು. ಮೊದಲ ದಿನ ಮನೆಯಿಂದ ಹೊರಟು ಒಂದೇ ಉಸಿರಿಗೆ ಓಡಿದೆ. ಆ ಉಸಿರು ಹಾಲಿನ ಡೇರಿಯವರೆಗೂ ಬರಲಿಲ್ಲ. ರಾಗಿ ಗಿರಣಿಯ ಕಟ್ಟೆಯ ಮೇಲೆ ಕೂತು, ಕಣ್ಣು ಕತ್ತಲಿಟ್ಟಾಗ, ವಿಧಿಯಿಲ್ಲದೆ ಫೋನ್ ಮಾಡಿ ಅವಳನ್ನೇ ಕೇಳಿದೆ. ಸಕ್ಕರೆ ಕಾಯಿಲೆ ಎಂದೇ ಹೇಳಿದೆ.

"ಒಂದೇ ಸಮ್ಕೆ ಓಡ್ಬ್ಯಾಡ ಕಣಪ್ಪ," ಎಂದಳು. "ಕರೆಂಟು ಕಂಬ ಅವಲ್ಲ ದಾರೀಲಿ, ಒಂದು ಕಂಬದಿಂದ ಇನ್ನೊಂದಕ್ಕೆ ಜೋರಾಗಿ ಓಡು. ಆಮೇಲೆ ಮೂರು ಕಂಬ ನಿಧಾನ. ಉಸ್ರು ವಾಪಸ್ ಬತ್ತಿದ್ದಂಗೆ ಮತ್ತೆ ಒಂದು ಜೋರು. ಒಂದಿನ ಎರಡು ಕಂಬ ಓಡು, ಒಂದಿನ ಆ ತೆಂಗಿನ ಮರದವರ್ಗೆ ಓಡು. ಇಂಗೇ ಏರಿಸಿ ಇಳಿಸಿ ಮಾಡುದ್ರೆ ಸ್ಪೀಡೂ ಬತ್ತದೆ, ದಮ್ಮೂ ಬತ್ತದೆ." ಇದಕ್ಕೆ ಯಾವುದೋ ಹೊರದೇಶದ ಹೆಸರಿದೆಯಂತೆ. ಅವಳು ಎರಡು ಸಲ ಹೇಳಿದಳು, ನನ್ನ ಬಾಯಲ್ಲಿ ನಿಲ್ಲಲಿಲ್ಲ. ನಾನು ಕಂಬದೋಟ ಎಂದು ಹೆಸರಿಟ್ಟುಕೊಂಡೆ. ಫೋನ್ ಇಡುವ ಮುಂಚೆ, "ಜೋರು ಮುಖ್ಯ ಅಲ್ಲ ಕಣಪ್ಪ. ನಿಧಾನದಲ್ಲಿ ಎಷ್ಟು ಬೇಗ ಉಸ್ರು ವಾಪಸ್ ಬತ್ತದೆ ಅನ್ನೋದೇ ಮುಖ್ಯ," ಎಂದಳು. ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಮ್ಮೂರಲ್ಲಿ ಕಂಬದೋಟ ಓಡುವವನಿಗೆ ಮಂಡಿಗಿಂತ ದೊಡ್ಡ ತೊಂದರೆ ಜನರ ಒಳ್ಳೆಯತನ. ವಯಸ್ಸಾದವನು ದಾರಿಯಲ್ಲಿ ನಡೆದು ಹೋಗುತ್ತಿದ್ದರೆ ಬೈಕಿನವನು ನಿಲ್ಲಿಸದೆ ಹೋಗುವ ವಾಡಿಕೆ ನಮ್ಮಲ್ಲಿಲ್ಲ. ಓಡುತ್ತಿದ್ದರಂತೂ ಕೇಳುವುದೇ ಬೇಡ. "ಯಾಕ್ ಮೇಷ್ಟ್ರೇ, ಬಸ್ಸು ಒಂಟೋಯ್ತಾ? ಹತ್ಕಳಿ, ಇಡ್ಕಬುಡಾನ" ಎಂದು ನನ್ನ ಹಳೆಯ ಶಿಷ್ಯನೊಬ್ಬ ಕೈಹಿಡಿದು ಹತ್ತಿಸಿಕೊಂಡ. ನಾನು ಏದುಸಿರಿನಲ್ಲಿ ಬಾಯಿಬಿಟ್ಟು ಏನೂ ಹೇಳಲಾಗದೆ, ಪಾಂಡವಪುರ ಬಸ್ ನಿಲ್ದಾಣದವರೆಗೂ ಚಡ್ಡಿಯಲ್ಲೇ ಹೋಗಿ ಬಂದೆ. ನನ್ನ ಬಾಲ್ಯದ ಗೆಳೆಯ ಕೆಂಪೇಗೌಡ ಟ್ರಾಕ್ಟರು ನಿಲ್ಲಿಸಿ, "ಯಾಕ್ಲಾ ಇಂಗೋಡ್ತಿದ್ದೀಯಾ, ಯಾರ್ ಅಟ್ಟಿಸ್ಕಂಡ್ ಬತ್ತಾವ್ರೆ?" ಎಂದು ನನ್ನ ಹಿಂದೆ ನೋಡಿದ. ಅಷ್ಟರಲ್ಲಿ ಕಂಬ ಬಂತು, ನಾನು ನಿಧಾನವಾದೆ. "ಸದ್ಯ, ತಪ್ಪುಸ್ಕಂಡ್ಬುಟ್ಟೆ ಬುಡು," ಎಂದು ಸಮಾಧಾನದಿಂದ ಹೊರಟುಹೋದ.

ಇವರನ್ನೆಲ್ಲ ಸಹಿಸಬಹುದು, ನಿಂಗಮ್ಮನನ್ನು ಸಹಿಸುವುದು ಕಷ್ಟ. ನಿಂಗಮ್ಮ ನಮ್ಮ ಬೀದಿಯ ಕೊನೆಯ ಮನೆಯವಳು, ಎಪ್ಪತ್ತರ ಹತ್ತಿರದ ಹೆಂಗಸು. ನಾನು ಹೊರಡುವ ಹೊತ್ತಿಗೆ ಸರಿಯಾಗಿ ಅವಳೂ ಹಾಲಿನ ಕ್ಯಾನು ಹಿಡಿದು ಡೇರಿಗೆ ಹೊರಡುತ್ತಾಳೆ. ಮೊದಲ ಕಂಬದ ಜೋರಿನಲ್ಲಿ ನಾನು ಅವಳನ್ನು ದಾಟುತ್ತೇನೆ. ನನ್ನ ಮೂರು ನಿಧಾನದ ಕಂಬಗಳಲ್ಲಿ ಅವಳು ನನ್ನನ್ನು ದಾಟುತ್ತಾಳೆ. ಮತ್ತೆ ನಾನು, ಮತ್ತೆ ಅವಳು. ಪ್ರತಿ ಸಲ ದಾಟುವಾಗಲೂ ಏನಾದರೂ ಮಾತಾಡದಿದ್ದರೆ ಮರ್ಯಾದೆಯಲ್ಲ. 'ಎದ್ರಾ ಮೇಷ್ಟ್ರೇ', 'ಕಾಪಿ ಆಯ್ತಾ ಮೇಷ್ಟ್ರೇ', 'ಮಗ್ಳು ಸಂದಾಗವ್ಳಾ ಮೇಷ್ಟ್ರೇ' ಎಂದು ಕಂಬಕ್ಕೊಂದರಂತೆ ಹಂಚಿಕೊಂಡು ವಿಚಾರಿಸುತ್ತಾಳೆ. ಕೊನೆಗೆ ಡೇರಿಯ ಬಾಗಿಲಿಗೆ ನಾವಿಬ್ಬರೂ ಒಟ್ಟಿಗೇ ತಲುಪುತ್ತೇವೆ, ಅವಳ ಕ್ಯಾನಿನ ಹಾಲು ತುಳುಕಿರುವುದಿಲ್ಲ. ಸರಾಸರಿ ವೇಗ ಎಂಬ ಪಾಠವನ್ನು ಇಷ್ಟು ಚೆನ್ನಾಗಿ ನಾನು ಯಾವ ಕ್ಲಾಸಿಗೂ ಮಾಡಿಲ್ಲ. ಒಂದು ದಿನ ಅವಳೇ ಮರುಕದಿಂದ ಹೇಳಿದಳು: "ಅಲ್ಲ ಮೇಷ್ಟ್ರೇ, ನೀವ್ ಓಡಿದ್ರಿ, ನಾನ್ ನಡುದೆ. ಇಬ್ರೂ ಒಂದೇ ಹೊತ್ಗೆ ಬಂದ್ವಲ್ಲ. ಸುಮ್ಕೆ ನನ್ ಜೊತೇಲೇ ನಡ್ಕಂಡ್ ಬನ್ನಿ, ಏನಾರ ಮಾತಾಡ್ಕಂಡು ಬರಬೌದು."

ಆದರೂ ಬಿಡಲಿಲ್ಲ. ಮುಂಗಾರು ಹಿಡಿದು ನಾಲೆಗೆ ನೀರು ಬಿಟ್ಟು, ಗದ್ದೆಯಲ್ಲಿ ನಾಟಿ ಮುಗಿಯುವ ಹೊತ್ತಿಗೆ ನಿಧಾನದ ಕಂಬ ಮೂರರಿಂದ ಎರಡಕ್ಕಿಳಿಯಿತು. ಉಸಿರು ಬೇಗ ಹಿಂತಿರುಗತೊಡಗಿತು. ಒಂದು ಬೆಳಿಗ್ಗೆ ನಿಂಗಮ್ಮನಿಗಿಂತ ಐದು ಕಂಬ ಮುಂಚೆ ಡೇರಿ ತಲುಪಿದೆ. ಹೇಳಿಕೊಳ್ಳಲು ಯಾರೂ ಇರಲಿಲ್ಲ, ಅವಳು ಬರುವವರೆಗೆ ಕಾದು ಅವಳಿಗೇ ಹೇಳಿದೆ. ಆಮೇಲೆ ಒಬ್ಬನೇ ಕೆರೆಯ ದಾರಿ ಹಿಡಿದೆ. ಪವಿತ್ರ ಸೊಂಟಕ್ಕೆ ಕೈಕೊಟ್ಟು ನಿಲ್ಲುತ್ತಿದ್ದ ತಿರುವು ಬಂತು. ಅಲ್ಲಿನ ಹೊಂಗೆ ಮರ ಹಾಗೇ ಇದೆ. ನನಗೆ ಏದುಸಿರೇನೂ ಬಂದಿರಲಿಲ್ಲ, ಆದರೂ ನಿಂತೆ. ಹಿಂದೆ ಹೆಜ್ಜೆಯ ಸದ್ದು ಕೇಳೀತೇ ಎಂದು ತಿರುಗಿ ನೋಡುವ ಚಾಳಿ ಕುತ್ತಿಗೆಗೆ ಇನ್ನೂ ಹೋಗಿಲ್ಲ.

ಹಬ್ಬಕ್ಕೆ ಅವಳು ಬಂದಳು. ಗುಟ್ಟು ಹೇಳಿದ ಕೂಡಲೇ ನನ್ನ ಹೆಂಡತಿ ಜಯಮ್ಮ ಮೊರ ಕೆಳಗಿಟ್ಟಳು. "ಬಾಗಿನ ಕೊಟ್ಟು ಮಡ್ಲಕ್ಕಿ ತುಂಬಿ ಕಳ್ಸೋ ಮಗ್ಳನ್ನ ಕೆರೆ ಏರಿ ಮ್ಯಾಲೆ ಓಡಿಸ್ತೀನಿ ಅಂತೀರಲ್ಲ, ನೋಡ್ದೋರು ಏನಂದ್ಕಂಡಾರು?" ಎಂದಳು. ಪವಿತ್ರ ಮಾತ್ರ ನನ್ನನ್ನೇ ನೋಡಿದಳು. "ಅಪ್ಪ ನನ್ ಜೊತೆ ಓಡ್ತಾನಾ?" ಎಂದು ಅವ್ವನನ್ನು ಕೇಳಿದಳು. ನಾಲ್ಕು ತಿಂಗಳ ಸಕ್ಕರೆ ಕಾಯಿಲೆ ಅಲ್ಲಿಗೆ ವಾಸಿಯಾಯಿತು.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಏರಿಯ ಮೇಲಿದ್ದೆವು. ಕೈತುಂಬ ಹಬ್ಬದ ಹಸಿರು ಬಳೆ ಹಾಕಿಕೊಂಡು, ಕಾಲಿಗೆ ಹಳೆಯ ಬೂಟು ಕಟ್ಟಿಕೊಂಡು ಅವಳು ನಿಂತಿದ್ದಳು. ಓಡಲು ಸಿದ್ಧನಾಗಿ ತಲೆಯೆತ್ತಿ ನೋಡಿದರೆ, ಏರಿಯ ಮೇಲೆ ಒಂದೂ ಕಂಬವಿಲ್ಲ. ಈ ದಾರಿಯಲ್ಲಿ ಅಷ್ಟು ವರ್ಷ ಗಾಡಿ ಓಡಿಸಿದವನಿಗೆ ಅದು ಗೊತ್ತಿರಲಿಲ್ಲ, ನಾನು ಯಾವಾಗಲೂ ಹಿಂದೆ ನೋಡಿಕೊಂಡು ಹೋಗುತ್ತಿದ್ದವನಲ್ಲವೇ? ಕಂಬವಿಲ್ಲದೆ ಎಲ್ಲಿಗೆ ಜೋರು, ಎಲ್ಲಿಂದ ನಿಧಾನ ಎಂದು ಕಾಲಿಗೆ ತಿಳಿಯಲಿಲ್ಲ. ಹೇಳಿದೆ. ಅವಳು ಬಳೆ ಸದ್ದಾಗುವಂತೆ ನಕ್ಕಳು. "ನಾನೇ ಕಂಬ ಆಯ್ತೀನಿ ಬಾ," ಎಂದು ಮುಂದೆ ಓಡಿ ಹೋಗಿ ನಿಂತುಕೊಂಡಳು. ನಾನು ಅವಳವರೆಗೆ ಜೋರಾಗಿ ಓಡಿದೆ. ಸೇರಿದ ಮೇಲೆ ಇಬ್ಬರೂ ನಿಧಾನವಾಗಿ ನಡೆದೆವು. ಮತ್ತೆ ಅವಳು ಮುಂದೆ ಓಡಿ ನಿಂತಳು. "ಕೈ ಬೀಸು, ಮಂಡಿ ಎತ್ತು" ಎಂದು ಅಲ್ಲಿಂದಲೇ ಕೂಗಿದಳು. ಎಮ್ಮೆಯ ಮಾತನ್ನು ಮಾತ್ರ ದೊಡ್ಡ ಮನಸ್ಸು ಮಾಡಿ ಬಿಟ್ಟಳು.

ನಡೆಯುವಾಗ ಅವಳು ಮಾತಾಡುತ್ತಿದ್ದಳು. ಶಾಲೆಯ ಹುಡುಗಿಯರಲ್ಲಿ ಒಬ್ಬಳು ಚೆನ್ನಾಗಿ ಓಡುತ್ತಾಳಂತೆ, ಅವರ ಮನೆಯವರು ಬಿಡುವುದಿಲ್ಲವಂತೆ. ಅತ್ತೆ ಒಳ್ಳೆಯವರಂತೆ, ಆದರೆ ಬೆಳಿಗ್ಗೆ ಓಡಲು ಹೊತ್ತು ಸಿಗುವುದಿಲ್ಲವಂತೆ. ಫೋನಿನಲ್ಲಿ ಎಂದೂ ಹೇಳದ ಮಾತುಗಳು. "ಉಸ್ರು ಬಂತಾ ಅಪ್ಪ?" ಎಂದು ನಡುವೆ ಕೇಳುತ್ತಿದ್ದಳು. "ಇನ್ನೂ ಇಲ್ಲ," ಎಂದು ಎದೆಯ ಮೇಲೆ ಕೈಯಿಟ್ಟುಕೊಳ್ಳುತ್ತಿದ್ದೆ. ಬಂದು ಆಗಲೇ ಎಷ್ಟೋ ಹೊತ್ತಾಗಿತ್ತು. ಉಸಿರು ಬೇಗ ಬರಲಿ ಎಂದು ನಾಲ್ಕು ತಿಂಗಳು ಪಟ್ಟ ಪಾಡೆಲ್ಲ ಮರೆತು, ಇವತ್ತೊಂದು ದಿನ ಅದು ಬರದೇ ಇರಲಿ ಎಂದು ಹಾರೈಸುತ್ತಿದ್ದೆ. ಬಂದರೆ ಅವಳು ಮುಂದೆ ಓಡಿಬಿಡುತ್ತಾಳೆ.

ಏರಿಯ ಕೊನೆಗೆ ಬಂದಾಗ ಅವಳು ನಿಂತಳು. "ಸಾಕು ಬುಡಪ್ಪ ನಾಟ್ಕ. ನಿಂಗೆ ಉಸ್ರು ಬಂದು ಎಷ್ಟೊತ್ತಾಯ್ತು."

"ಎಂಗ್ ಗೊತ್ತಾಯ್ತು?"

"ನಾನೂ ಅದನ್ನೇ ಮಾಡ್ತಿದ್ದೆ," ಎಂದಳು ಕೆರೆಯ ಕಡೆ ನೋಡುತ್ತ. "ಏದುಸ್ರು ಬುಟ್ರೆ ನೀನು ಗಾಡಿ ಆಫ್ ಮಾಡಿ ತಳ್ಕಂಡು ನನ್ ಪಕ್ದಲ್ಲಿ ನಡೀತಿದ್ದೆ. ಇಲ್ಲಾಂದ್ರೆ ನೀನೆಲ್ಲಿ ನಡೀತಿದ್ದೆ ನನ್ ಜೊತೆ?"

ಆಗ ಮಾತ್ರ ನಿಜವಾಗಿ ಉಸಿರು ಸಿಕ್ಕಿಕೊಂಡಿತ್ತು, ಆದರೆ ಹೇಳಿದರೆ ಅವಳು ನಂಬುವ ಹಾಗಿರಲಿಲ್ಲ.

ಮಧ್ಯಾಹ್ನ ಮಡ್ಲಕ್ಕಿ ಕಟ್ಟಿಕೊಂಡು ಅವಳು ನಾಗಮಂಗಲದ ಬಸ್ಸು ಹತ್ತಿದಳು. ಮನೆಗೆ ಬಂದು ಹಳೆಯ ನೋಟ್‌ಬುಕ್ಕು ತೆಗೆದು ನೋಡಿದೆ. ಪುಟಕ್ಕೆ ಪುಟ, ನನ್ನ ದುಂಡನೆಯ ಅಕ್ಷರದಲ್ಲಿ, 'ದಮ್ಮು ಸಾಲದು, ದಮ್ಮು ಸಾಲದು.' ಅಷ್ಟು ಮಕ್ಕಳ ಉತ್ತರಪತ್ರಿಕೆಯಲ್ಲಿ ತಪ್ಪು ಹುಡುಕಿದವನು ಮನೆಯ ಮಗಳ ಮುಂದೆ ಆರು ವರ್ಷ ಒಂದೇ ಲೆಕ್ಕವನ್ನು ತಪ್ಪು ಮಾಡಿದ್ದೆ. ಕೊನೆಯ ಖಾಲಿ ಪುಟದಲ್ಲಿ ಅವತ್ತಿನ ತಾರೀಖು ಹಾಕಿ, ಓಡಿದವನ ಹೆಸರಿನ ಮುಂದೆ ನನ್ನ ಹೆಸರು ಬರೆದೆ. ದೂರ, ತೊಣ್ಣೂರು ಏರಿ. ನಿಮಿಷದ ಜಾಗ ಹಾಗೇ ಬಿಟ್ಟೆ, ಟೈಮ್ ನೋಡಲು ಅಲ್ಲಿ ಯಾರೂ ಇರಲಿಲ್ಲ. ಷರಾ ಮಾತ್ರ ಯೋಚಿಸದೆ ಬರೆದೆ: 'ದಮ್ಮು ಸಾಲದು. ದೀಪಾವಳಿಗೆ ಮತ್ತೆ ಓಡಿಸಿ ನೋಡುವುದು.'