ಅಜ್ಜಿ ರೂಪಾಯಿಗೆ ಹಸಿರು ಸ್ಟಿಕ್ಕರ್

ನನಗೆ ಕನಸು ಬೀಳುವುದು ಮಧ್ಯಾಹ್ನ ಮೂರು ಗಂಟೆಗೆ. ಶಿಡ್ಲಘಟ್ಟದ ನಮ್ಮ ರೀಲಿಂಗ್ ಶೆಡ್ಡಿನಲ್ಲಿ ರೇಷ್ಮೆಗೂಡು ಬೇಯುತ್ತಿರುತ್ತದೆ, ರಾಟೆಗಳು ಒಂದೇ ರಾಗದಲ್ಲಿ ತಿರುಗುತ್ತಿರುತ್ತವೆ, ಹಬೆಯೊಳಗಿಂದ ಎಳೆಗಳು ಹೊಳೆಯುತ್ತಾ ಮೇಲೇರುತ್ತವೆ. ಅಂಥ ಹೊತ್ತಿನಲ್ಲಿ ಎಚ್ಚರವಾಗಿರುವವನು ಮನುಷ್ಯನೇ ಅಲ್ಲ!

ಹಾಗೆ ತೂಗಾಡುತ್ತಿದ್ದಾಗ ಮೊಬೈಲಿನಲ್ಲಿ ಒಂದು ವಿಡಿಯೊ ಬಂತು. ಹಳೇ ನಾಣ್ಯವನ್ನು ಒಂದು ಕಂಪನಿಗೆ ಕಳಿಸಬೇಕಂತೆ. ಅವರು ಮಾರುವವರೂ ಅಲ್ಲ, ಕೊಳ್ಳುವವರೂ ಅಲ್ಲ, ಮೂರನೆಯವರು. ಭೂತಗನ್ನಡಿಯಲ್ಲಿ ನೋಡಿ, ಎಪ್ಪತ್ತಕ್ಕೆ ಇಷ್ಟು ಅಂತ ಅಂಕ ಕೊಟ್ಟು, ಗಾಜಿನಂಥ ಪ್ಲಾಸ್ಟಿಕ್ ಡಬ್ಬಿಯಲ್ಲಿ ಸೀಲು ಮಾಡುತ್ತಾರಂತೆ. ಆ ಅಂಕ ಸರಿಯೇ ಎಂದು ಇನ್ನೊಬ್ಬರು ಪರೀಕ್ಷಿಸಿ, ಮೆಚ್ಚಿದರೆ ಡಬ್ಬಿಯ ಮೇಲೆ ಒಂದು ಹಸಿರು ಸ್ಟಿಕ್ಕರ್ ಅಂಟಿಸುತ್ತಾರಂತೆ, ಆಮೇಲೆ ಆ ನಾಣ್ಯದ ಬೆಲೆಯೇ ಬೇರೆಯಂತೆ. ಪರೀಕ್ಷೆ ಬರೆದವನಿಗೂ ಪರೀಕ್ಷೆ, ತಿದ್ದಿದವನಿಗೂ ಪರೀಕ್ಷೆ! ನನ್ನ ಹತ್ತನೇ ಕ್ಲಾಸಿನಲ್ಲಿ ಈ ಏರ್ಪಾಡು ಇದ್ದಿದ್ದರೆ ನಾನು ಇಂದು ಎಲ್ಲೋ ಇರುತ್ತಿದ್ದೆ.

ವಿಡಿಯೊ ಮುಗಿಯುವ ಮೊದಲೇ ನನಗೆ ಜೊಂಪು ಹತ್ತಿತು. ಕನಸಿನಲ್ಲಿ ಹಸಿರು ಸ್ಟಿಕ್ಕರೊಂದು ಹಬೆಯಲ್ಲಿ ಎಲೆಯಂತೆ ತೇಲುತ್ತಾ ಬಂದು ನನ್ನ ಅಂಗೈ ಮೇಲೆ ಕೂತಿತು. ಎದ್ದವನು ನೇರ ಮನೆಗೆ ಹೋದೆ.

"ರತ್ನಾ, ನಿಮ್ಮಜ್ಜಿ ಬೆಳ್ಳಿ ರೂಪಾಯಿ ಕೊಡು. ಸ್ಟಿಕ್ಕರ್ ಹಾಕಿಸ್ತೀನಿ."

ನನ್ನ ಹೆಂಡತಿ ಹೂ ಕಟ್ಟುವುದನ್ನು ನಿಲ್ಲಿಸಿದಳು. "ಹೊಸ ಪಾತ್ರೆ ತಂದ್ರೆ ಮೊದ್ಲು ಸ್ಟಿಕ್ಕರ್ ಕಿತ್ತು ಹಾಕ್ತೀವಿ ನಾವು. ನೀವು ಅಂಟಿಸೋದಕ್ಕೆ ಕಳಿಸ್ತೀರಾ?"

"ನಿಂಗೆ ಗೊತ್ತಾಗಲ್ಲ ಕಣೇ. ಅದು ಗುಣಮಟ್ಟದ ಗುರುತು. ಇಪ್ಪತ್ತು ವರ್ಷ ಮಾರ್ಕೆಟ್ಟಲ್ಲಿ ಗೂಡನ್ನ ಕಿವಿ ಹತ್ರ ಅಲ್ಲಾಡ್ಸಿ ಒಳಗಿನ ಹುಳದ ಜಾತಕ ಹೇಳ್ದೋನು ನಾನು. ನಾಣ್ಯ ಯಾವ ಮಹಾ!"

ಅವಳು ಹೂವನ್ನು ಪಕ್ಕಕ್ಕಿಟ್ಟು, ದೇವರ ಮನೆಯಿಂದ ರೂಪಾಯಿ ತಂದಳು. "ಅಜ್ಜಿ ಹೋಗೋ ಮುಂಚೆ ನನ್ನ ಕೈಗೇ ಕೊಟ್ಟಿದ್ದು ರೀ ಅದು. ಅದಿಲ್ದೆ ಒಂದು ವರಮಹಾಲಕ್ಷ್ಮಿಗೂ ನಾನು ಕಳಶ ಇಟ್ಟಿಲ್ಲ. ಹಬ್ಬದೊಳಗೆ ವಾಪಸ್ ಬರ್ಬೇಕು, ಹೋದಂಗೇ ಬರ್ಬೇಕು."

"ಬರುತ್ತೆ. ಇದು ನನ್ನ ಮಾತು," ಎಂದೆ. ನನ್ನ ಮಾತಿಗೆ ಯಾವ ಸ್ಟಿಕ್ಕರೂ ಇಲ್ಲ ಎಂಬುದು ಆಗ ಇಬ್ಬರಿಗೂ ಹೊಳೆಯಲಿಲ್ಲ.

ರೂಪಾಯಿ ಕಪ್ಪಗಿತ್ತು. ದೇವರ ಸಾಮಾನನ್ನು ತೊಳೆಯದೆ ನಾಲ್ಕು ಜನರ ಮುಂದೆ ಇಡುವ ಮನೆ ನಮ್ಮ ಸೀಮೆಯಲ್ಲಿ ಎಲ್ಲಿದೆ? ಮೊದಲು ಹುಣಸೆಹಣ್ಣು ಹಾಕಿ ತಿಕ್ಕಿದೆ. ಆಮೇಲೆ ವಿಭೂತಿ ಹಾಕಿ ಉಜ್ಜಿದೆ. ಕೊನೆಗೆ ರೇಷ್ಮೆ ಚೂರಿನಲ್ಲಿ ಒರೆಸಿದೆ. ನಾಣ್ಯದ ಮೇಲಿನ ರಾಣಿ ಬೆಳದಿಂಗಳಲ್ಲಿ ಮಿಂದವಳಂತೆ ಮಿನುಗಿದಳು! ಕೊರಿಯರ್‌ಗೆ ಕೊಟ್ಟು ಬಂದ ಮೇಲೆ ದಿನವೂ ಮೂರು ಗಂಟೆಗೆ ನನಗೆ ಸನ್ಮಾನ ನಡೆಯುತ್ತಿತ್ತು. ಶಾಲು, ಹಾರ, ಹಣ್ಣಿನ ಬುಟ್ಟಿ. ಬುಟ್ಟಿಯ ದ್ರಾಕ್ಷಿಗೂ ಹಸಿರು ಸ್ಟಿಕ್ಕರ್.

ಹಬ್ಬದ ಹಿಂದಿನ ದಿನ ಡಬ್ಬಿ ಬಂತು. ಅಂಕ ಇರಲಿಲ್ಲ. ಅಂಕವೇ ಇಲ್ಲದ ಮೇಲೆ ಸ್ಟಿಕ್ಕರ್ ಎಲ್ಲಿಂದ ಬರಬೇಕು? ಅಂಕದ ಜಾಗದಲ್ಲಿ ಇಂಗ್ಲಿಷಿನಲ್ಲಿ, ಇದನ್ನು ಯಾರೋ ತೊಳೆದುಬಿಟ್ಟಿದ್ದಾರೆ ಎಂದು ಬರೆದಿತ್ತು. ಹಳೇ ವಿಡಿಯೊ ಹುಡುಕಿ ಮತ್ತೆ ಹಾಕಿದೆ. ನನಗೆ ನಿದ್ದೆ ಬಂದ ಕಡೆಯಿಂದ ಮುಂದಕ್ಕೆ, ಪೂರ್ತಿ ಐದು ನಿಮಿಷ, ಆ ಮನುಷ್ಯ ಕೈಮುಗಿದು ಬೇಡಿಕೊಳ್ಳುತ್ತಿದ್ದ: ದಯವಿಟ್ಟು ನಾಣ್ಯ ತೊಳೆಯಬೇಡಿ!

ರತ್ನ ಡಬ್ಬಿಯನ್ನು ಕಳಶದ ಬಾಯಿಗೆ ಇಟ್ಟು ನೋಡಿದಳು. ಹೋಗಲಿಲ್ಲ.

"ಲಕ್ಷ್ಮೀನ ಜೈಲಿಗೆ ಹಾಕ್ಸಿ ತಂದಿದೀರಲ್ರೀ! ಬಿಡಿಸಿ ಮೊದ್ಲು."

ಉಗುರಿಗೆ ಬಗ್ಗಲಿಲ್ಲ, ಚಾಕುವಿಗೆ ಜಗ್ಗಲಿಲ್ಲ. ಗೂಡು ಬೇಯಿಸುವ ಬಿಸಿನೀರಿನಲ್ಲಿ ಅದ್ದಿದೆ. ಕಠಿಣ ಗೂಡೂ ಎಳೆ ಬಿಡುವ ನೀರದು, ಡಬ್ಬಿ ಮಾತ್ರ ಸ್ನಾನ ಮಾಡಿದಂತೆ ಹಾಯಾಗಿ ಎದ್ದು ಬಂತು. ಡಬ್ಬಿ ಹಿಡಿದು ಪಕ್ಕದ ಶೆಡ್ಡಿನ ಚಾಂದ್ ಭಾಯ್ ಹತ್ತಿರ ಗರಗಸ ಕೇಳಲು ಹೋದೆ.

"ಏನಣ್ಣಾ, ರೂಪಾಯಿಗೆ ಆಪರೇಷನ್ನಾ?"

"ಸಣ್ಣದು," ಎಂದೆ.

ಅವನ ಶೆಡ್ಡಿನಲ್ಲೇ ಕೂತು ಡಬ್ಬಿಯನ್ನು ಕಾಲಲ್ಲಿ ಒತ್ತಿ ಹಿಡಿದು ಕೊಯ್ಯತೊಡಗಿದೆ. ಆ ಕಿರ್ರ್ ಕಿರ್ರ್ ರಾಗಕ್ಕೆ ರಾಟೆಯ ರಾಗ ಸೇರಿತು, ಹಬೆ ಬಂತು, ಹೊತ್ತು ಮೂರಾಗಿತ್ತು. ಕಣ್ಣು ಎಳೆದುಕೊಂಡು ಹೋಯಿತು.

"ಅಣ್ಣಾ, ನಿಲ್ಸು! ಬೆಳ್ಳಿ ಪುಡಿ ಬರ್ತೈತೆ!"

ನಿಲ್ಲಿಸಿದಾಗ ರಾಣಿಯ ಕೆನ್ನೆಯ ಮೇಲೆ ಕಿವಿಯಿಂದ ಗಲ್ಲದವರೆಗೆ ಒಂದು ಗೀರು.

ರತ್ನ ನಾಣ್ಯವನ್ನು ಸೆರಗಿನಲ್ಲಿ ಒರೆಸಿದಳು. ಗೀರಿನ ಮೇಲೆ ಬೆರಳಾಡಿಸಿದಳು. ಅದನ್ನು ದೇವರ ಮುಂದಿಟ್ಟು, ಹೋಗಿ ಹೂ ಕಟ್ಟಲು ಕೂತಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಹಬ್ಬದ ಬೆಳಿಗ್ಗೆ ಅವಳು ಅದನ್ನೇ ಕಳಶಕ್ಕೆ ಹಾಕಿದಳು. ನೀರೊಳಗೆ ಟಣ್ ಎಂದಿತು. ನಾನು ಬಾಗಿಲ ಹತ್ತಿರವೇ ನಿಂತು, "ತಪ್ಪಾಯ್ತು ಕಣೇ. ಯಾರೋ ಮೂರನೆಯವರು ಬೆಲೆ ಕಟ್ತಾರೆ ಅಂತ ನಂಬಿ ಕೆಟ್ಟೆ," ಎಂದೆ.

ಅವಳು ಕಳಶಕ್ಕೆ ಸೀರೆ ಉಡಿಸುತ್ತಾ, ತಿರುಗಿ ನೋಡದೆ ಹೇಳಿದಳು: "ನೀವೊಬ್ರೇನಾ? ನಮ್ಮಪ್ಪನೂ ಮೂರನೆಯವರನ್ನ ನಂಬೇ ನಿಮಗೆ ಹೆಣ್ಣು ಕೊಟ್ಟಿದ್ದು. ಚಿಂತಾಮಣಿಯಿಂದ ಬಂದು ನಿಮ್ಮನ್ನ ನೋಡ್ಕೊಂಡು ಹೋದ್ರಲ್ಲ ದಳ್ಳಾಳಿ, ಅವರು ಹೇಳಿದ್ರಂತೆ, ಹುಡುಗ ಅಪರಂಜಿ ಅಂತ."

ಅವರ ತಪ್ಪೇನೂ ಇಲ್ಲ. ಅವರು ಬರುವ ದಿನ ನಮ್ಮಮ್ಮ ನನ್ನನ್ನು ಬಚ್ಚಲಲ್ಲಿ ಕೂರಿಸಿ, ಸೀಗೇಪುಡಿ ಹಾಕಿ ಒಂದು ಗಂಟೆ ಉಜ್ಜಿದ್ದಳು!