ಅಳಿಯ ಏರಿಸಿದ ಒತ್ತಡ

ಅಳಿಯ ಒದ್ದೆ ಬಟ್ಟೆಯಿಂದ ಒತ್ತಡದ ಮೀಟರಿನ ಗಾಜು ಒರೆಸುತ್ತಿದ್ದಾಗ ಪಕ್ಕದಂಗಡಿಯ ಕ್ಷೌರಿಕ, ಗಿರಾಕಿಯ ಅರ್ಧ ಗಡ್ಡವನ್ನು ಅಲ್ಲಿಗೇ ಬಿಟ್ಟು ಬಂದು, ಕಾರಿನೊಳಗೆ ತಲೆ ತೂರಿಸಿದ.

"ಬೆಳಿಗ್ಗೆ ಏರು ಹತ್ತಿಸಿದಾಗ ಮುಳ್ಳು ಎಷ್ಟಕ್ಕೆ ಬಂತು?"

"ಆರಕ್ಕೆ."

"ಬರೀ ಆರಾ? ನಮ್ಮ ಭಾವಮೈದುನನ ಗಾಡೀಲಿ ಹತ್ತು ತೋರ್ಸುತ್ತೆ!"

ಅವನ ಭಾವಮೈದುನನ ಬಳಿ ಇದ್ದದ್ದು ಸೈಕಲ್ಲು ಎಂಬುದು ಬೀದಿಗೆಲ್ಲ ಗೊತ್ತಿತ್ತು. ಆದರೂ ಆ ಮಾತು ಕಿವಿಗೆ ಹೊಕ್ಕ ನೊಣದ ಹಾಗೆ ಅಳಿಯನ ತಲೆಯೊಳಗೆ ಗುಂಯ್‌ಗುಡತೊಡಗಿತು.

ಅವನು ಆ ಬೀದಿಯ ಕಾರು ವರ್ಕ್‌ಶಾಪಿನ ಮೆಕ್ಯಾನಿಕ್. ಮದುವೆಯಾದಾಗಿನಿಂದ ಅತ್ತೆಯ ಮನೆಯಲ್ಲೇ ವಾಸವಾದ್ದರಿಂದ ಬೀದಿಗೆಲ್ಲ ಅಳಿಯನೇ. ಅತ್ತೆ ನಲವತ್ತು ವರ್ಷ ಸೈಕಲ್ ಪಂಕ್ಚರ್ ಅಂಗಡಿ ನಡೆಸಿದವರು. ಅಳಿಯ ರಿಪೇರಿ ಮಾಡಿದ ನಲ್ಲಿ ಮತ್ತೆ ಸೋರಿದರೆ ಸದ್ದಿಲ್ಲದೆ ತಾವೇ ಸರಿಮಾಡಿ, "ನೀವು ಮಾಡಿದ್ದೇ ಸರಿಯಾಗಿತ್ತು ಅಳಿಯಂದಿರೇ, ನಲ್ಲೀದೇ ತಪ್ಪು" ಎನ್ನುವವರು. ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಆ ಒಳ್ಳೆಯತನವನ್ನು ಆರು ವರ್ಷ ತಡೆದುಕೊಂಡು ಅವನು ಸಣ್ಣಗಾಗಿದ್ದ.

ಬಿಡುಗಡೆಯ ದಾರಿ ಒಂದೇ ಇತ್ತು. ಎಂಟು ತಿಂಗಳ ಹಿಂದೆ ಬೇರೆ ಊರಿನ ರೇಸ್ ಕಾರುಗಳ ಕಾರ್ಖಾನೆಯವರು, ಸೂಪರ್‌ಚಾರ್ಜರ್ ಬಲ್ಲವನೊಬ್ಬ ಬೇಕು, ಇರಲು ಮನೆಯನ್ನೂ ಕೊಡುತ್ತೇವೆ ಎಂದು ವರ್ಕ್‌ಶಾಪಿನ ಯಜಮಾನರಿಗೆ ಬರೆದಿದ್ದರು. ಯಜಮಾನರು ಇವತ್ತು, ನಾಳೆ ಎನ್ನುತ್ತ ಉತ್ತರವನ್ನೇ ಬರೆದಿರಲಿಲ್ಲ. ಈ ದಿನ ಬೆಳಿಗ್ಗೆ ಕೊನೆಗೂ ಬಾಯಿಬಿಟ್ಟಿದ್ದರು: "ಹಲ್ಲಿನ ಡಾಕ್ಟರಮ್ಮನ ಕಾರು ಸಂಜೆ ಐದಕ್ಕೆ ಏರಿನ ಮೇಲಿನ ನೀರಿನ ಟ್ಯಾಂಕಿನವರೆಗೂ ಏದುಸಿರು ಬಿಡದೆ ಹತ್ತಲಿ. ಹತ್ತಿದ ಗಳಿಗೇಲೇ ಕಾಗದ ಟಪಾಲಿಗೆ."

ಡಾಕ್ಟರಮ್ಮನ ಹಳೆಯ ಕಾರಿನಲ್ಲಿ ಎಂಜಿನ್ನಿನ ಬೆಲ್ಟಿನಿಂದಲೇ ತಿರುಗುವ ಸೂಪರ್‌ಚಾರ್ಜರ್ ಇತ್ತು. ಅದು ಗಾಳಿಯನ್ನು ಹಿಂಡಿ ಎಂಜಿನ್ನಿಗೆ ತುರುಕುತ್ತದೆ. ಒತ್ತಡ ಎಷ್ಟೆಂದು ಮೀಟರು ಹೇಳುತ್ತದೆ. ಸೂಪರ್‌ಚಾರ್ಜರಿನ ಬೆಲ್ಟು ಸುತ್ತುವ ಗಾಲಿ, ಅಂದರೆ ಪುಲ್ಲಿ, ಚಿಕ್ಕದಾದಷ್ಟೂ ಅದು ಜೋರಾಗಿ ತಿರುಗುತ್ತದೆ, ಒತ್ತಡ ಏರುತ್ತದೆ. ಅಳಿಯ ಇಷ್ಟನ್ನು ಬಲ್ಲ. ಇದರ ಮುಂದಿನದು ಅವನಿಗೆ ಗೊತ್ತಿರಲಿಲ್ಲ.

ಚಿಕ್ಕ ಪುಲ್ಲಿ ಹಾಕಿ ಏರಿಗೆ ಬಿಟ್ಟ. ಮುಳ್ಳು ಒಂಬತ್ತಕ್ಕೆ ಹೋಯಿತು. ಕಾರು ಮಾತ್ರ ಮೊದಲಿಗಿಂತ ನಿಧಾನವಾಯಿತು. ಎಂಜಿನ್ನಿನೊಳಗೆ ಯಾರೋ ಡಬ್ಬಿಗೆ ಕಲ್ಲು ಹಾಕಿ ಅಲ್ಲಾಡಿಸಿದಂತೆ ಟಕಟಕ ಸದ್ದು.

ವಾಪಸು ಬಂದಾಗ ಎದುರಂಗಡಿಯ ದರ್ಜಿ ಅಳತೆಪಟ್ಟಿ ಕೊರಳಿಗೆ ಹಾಕಿಕೊಂಡೇ ಬಂದ. "ಒಂಬತ್ತಕ್ಕೆ ಹೋಗಿದೆ ಅಂದ್ಮೇಲೆ ದಾರಿ ಸರಿಯಾಗೇ ಇದೆ. ಇನ್ನೊಂಚೂರು ಬಿಗಿ ಮಾಡಿ."

"ಹೌದು ಮತ್ತೆ! ಅರ್ಧ ಬೋಳಿಸಿ ಬಿಡೋಕಾಗುತ್ತಾ?" ಎಂದ ಕ್ಷೌರಿಕ. ಅವನ ಗಿರಾಕಿ ಬಾಗಿಲಲ್ಲಿ ನಿಂತು ನೊರೆ ಒಣಗಿದ ಕೆನ್ನೆ ಕೆರೆದುಕೊಳ್ಳುತ್ತಿದ್ದ.

ಅಳಿಯ ಇದ್ದವುಗಳಲ್ಲೆಲ್ಲ ಚಿಕ್ಕ ಪುಲ್ಲಿ ಹುಡುಕಿ ಹಾಕಿದ. ಇಬ್ಬರೂ ಹಿಂದಿನ ಸೀಟಿನಲ್ಲಿ ಮದುವೆಗೆ ಹೊರಟವರಂತೆ ಕೂತರು. "ಹತ್ತು! ಹನ್ನೊಂದು!" ಎಂದು ಚಪ್ಪಾಳೆ ಬಿತ್ತು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ! ಮುಳ್ಳು ಮೆರೆಯುತ್ತಿತ್ತು, ಗಾಡಿ ತೆವಳುತ್ತಿತ್ತು. ತರಕಾರಿ ಚೀಲ ಹೊತ್ತ ಮುದುಕಿಯೊಬ್ಬಳು ಅವರನ್ನು ದಾಟಿ ಹೋದಳು. ಸಂಕೋಚದಿಂದ ಒಮ್ಮೆ ತಿರುಗಿಯೂ ನೋಡಿದಳು. ಅರ್ಧ ಏರಿನಲ್ಲಿ ಕಾರು ಕೆಮ್ಮಿ ನಿಂತೇಬಿಟ್ಟಿತು. ಅಳಿಯ ಬ್ರೇಕ್ ಒತ್ತುತ್ತಾ ಹಿಮ್ಮುಖವಾಗಿಯೇ ಇಳಿಸಿದ. ಕ್ಷೌರಿಕ ಎಡಕ್ಕೆ ಎಂದ, ದರ್ಜಿ ಬಲಕ್ಕೆ ಎಂದ. ಅಂತೂ ಕಾರು ವರ್ಕ್‌ಶಾಪಿನ ಕಸದ ಡ್ರಮ್ಮಿಗೆ ಒರಗಿ ವಿಶ್ರಮಿಸಿತು.

ಅಲ್ಲಿ ಅತ್ತೆ ಊಟದ ಡಬ್ಬಿ ಹಿಡಿದು ನಿಂತಿದ್ದರು.

"ಏನಾಯ್ತು ಅಳಿಯಂದಿರೇ?"

"ಏನಿಲ್ಲ ಅತ್ತೆ. ಒತ್ತಡ ಹನ್ನೊಂದಕ್ಕೆ ತಂದಿದೀನಿ. ಆದ್ರೂ ಹತ್ತಲ್ಲ ಅನ್ನುತ್ತೆ."

ಅತ್ತೆ ಬಾನೆಟ್ಟಿನೊಳಗೆ ಬಗ್ಗಿ, ಸೂಪರ್‌ಚಾರ್ಜರಿನಿಂದ ಹೊರಟ ಕೊಳವೆಯ ಹತ್ತಿರ ಕೈ ಒಯ್ದು ಥಟ್ಟನೆ ಹಿಂದೆಳೆದುಕೊಂಡರು. "ಅಯ್ಯಪ್ಪಾ! ಸೈಕಲ್ ಪಂಪಿನ ಬುಡ ಹೀಗೇ ಸುಡೋದು. ಜೋರಾಗಿ ಹೊಡೆದಷ್ಟೂ ಬಿಸಿ. ಟ್ಯೂಬು ಕಲ್ಲಿನ ಹಾಗೆ ಗಟ್ಟಿ ಅನ್ಸುತ್ತೆ, ಗಾಳಿ ತಣ್ಣಗಾದ್ಮೇಲೆ ಮೆತ್ತಗಾಗುತ್ತೆ. ಆ ಗಟ್ಟಿತನ ನಂಬಿ ಹೋದೋರು ಸಂಜೆಗೆ ಬೈಕೊಂಡು ಬರ್ತಿದ್ರು."

ಅಳಿಯ ಡಬ್ಬಿ ಬಿಚ್ಚಿ ಊಟಕ್ಕೆ ಕೂತ.

"ಅಲ್ಲಾ, ಆ ಮುಳ್ಳು ಹೇಳೋದು ಗಾಳಿ ಎಷ್ಟು ಒಳಗೆ ಹೋಯ್ತು ಅಂತಲೋ, ಬಾಗಿಲಲ್ಲಿ ಎಷ್ಟು ನೂಕಾಟ ಇದೆ ಅಂತಲೋ? ಬಸ್ಸಿನ ಬಾಗಿಲು ಕಿರಿದಾದಷ್ಟೂ ನೂಕಾಟ ಜಾಸ್ತಿ. ಹತ್ತೋ ಜನ ಕಮ್ಮಿ."

ಅಳಿಯನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಇಷ್ಟು ಕಾದ ಗಾಳಿ ಪೆಟ್ರೋಲಿನ ಜೊತೆ ಸೇರಿದರೆ, ಕಿಡಿಯ ಉರಿ ತಲುಪುವ ಮೊದಲೇ ಒಂದು ಮೂಲೆಯಲ್ಲಿ ತಾನೇ ಹೊತ್ತಿಕೊಳ್ಳದೆ ಇದ್ದೀತೆ? ಆ ಟಕಟಕ ಅದೇ! ಇನ್ನಷ್ಟು ಓಡಿಸಿದ್ದರೆ ಪಿಸ್ಟನ್ನು ತೂತು. ಗಾಳಿಯನ್ನು ತಣಿಸುವ ಇಂಟರ್‌ಕೂಲರನ್ನು ಬಗ್ಗಿ ನೋಡಿದ: ಧೂಳು, ಒಣಹುಲ್ಲು, ಸತ್ತ ಹುಳಗಳೆಲ್ಲ ಸೇರಿ ಕಂಬಳಿ ಹೊದೆಸಿದ್ದವು. ಬಾಗಿಲು ಕಿರಿದಾದದ್ದು ಎಲ್ಲಿ ಎಂದು ಹುಡುಕಬೇಕಾಗಲೇ ಇಲ್ಲ. ಹೋದ ವಾರ ಎಂಜಿನ್ನಿನ ಗಾಳಿದ್ವಾರಕ್ಕೆ ಸಂದಿಯಲ್ಲಿ ಸೋರದಂತೆ ಇಡುವ ರಟ್ಟಿನ ಗ್ಯಾಸ್ಕೆಟ್ಟನ್ನು ತಾನೇ ದರ್ಜಿಯ ಕತ್ತರಿಯಲ್ಲಿ ಕತ್ತರಿಸಿ ಕೂರಿಸಿದ್ದ. ಎಲ್ಲಿ ಸೋರೀತೋ ಎಂಬ ಭಯದಲ್ಲಿ ಗಾಳಿ ಹೋಗುವ ತೂತುಗಳನ್ನೇ ಸಣ್ಣದು ಮಾಡಿದ್ದ!

ಮಧ್ಯಾಹ್ನವೆಲ್ಲ ಬಿಚ್ಚಿ, ಗ್ಯಾಸ್ಕೆಟ್ಟಿನ ತೂತುಗಳನ್ನು ಅಗಲ ಮಾಡಿ ಜೋಡಿಸಿದ. ಅತ್ತೆ ಸೆರಗು ಬಿಗಿದು ಇಂಟರ್‌ಕೂಲರಿನ ತೆಳು ತಗಡಿನ ರೆಕ್ಕೆ ರೆಕ್ಕೆಯನ್ನೂ ಬ್ರಷ್ಷಿನಿಂದ ತೊಳೆದರು, ಒಂದೂ ಬಾಗದಂತೆ, ಮಗುವಿನ ಹಲ್ಲುಜ್ಜಿದ ಹಾಗೆ. ಆ ಬೆರಳುಗಳನ್ನು ನೋಡುತ್ತ ಅಳಿಯನಿಗೆ ಮೊದಲ ಬಾರಿಗೆ, ಈ ಹೆಂಗಸನ್ನು ಬಿಟ್ಟು ಓಡಿಹೋಗುವುದಕ್ಕಿಂತ ಇವರ ಕೈಕೆಳಗೆ ಕಲಿಯಬೇಕಿತ್ತಲ್ಲ ಅನ್ನಿಸಿತು. ಆದರೆ ಅನ್ನಿಸಿದ್ದು ಒಂದೇ ನಿಮಿಷ. ಹಳೆಯ ದೊಡ್ಡ ಪುಲ್ಲಿಯನ್ನೇ ಮತ್ತೆ ಹಾಕಿದ.

ಐದಕ್ಕೆ ಯಜಮಾನರೂ ಡಾಕ್ಟರಮ್ಮನೂ ಬಂದು ಕೂತರು. ಏರಿನಲ್ಲಿ ಯಜಮಾನರ ಕಣ್ಣು ಮೀಟರಿನ ಮೇಲೆ. "ಐದು! ಬೆಳಿಗ್ಗೆ ಆರಿತ್ತಲ್ಲಯ್ಯ, ಕೆಡಿಸಿಬಿಟ್ಯಾ?" ಎನ್ನುವಷ್ಟರಲ್ಲಿ ಅವರ ಬೆನ್ನು ಸೀಟಿಗೆ ಅಂಟಿಕೊಂಡಿತು. ಟಕ್ ಎಂಬ ಸದ್ದಿಲ್ಲ. ಏರೆಂಬುದನ್ನು ಕಾರು ಗಮನಿಸಿದಂತೆಯೇ ಕಾಣಲಿಲ್ಲ. ನೀರಿನ ಟ್ಯಾಂಕು ಬಂತು, ಹೋಯಿತು. ಡಾಕ್ಟರಮ್ಮ ಅಷ್ಟೂ ಹಲ್ಲು ಕಾಣುವಂತೆ ನಕ್ಕರು.

ಕೆಳಗಿಳಿದ ಮೇಲೆ ಯಜಮಾನರು ಕೇಳಿದರು: "ಒತ್ತಡ ಇಳಿಸಿ ಶಕ್ತಿ ಏರಿಸೋದು ಯಾರ ತಲೆಗೆ ಹೊಳೀತು?"

ಅಳಿಯ ಬಾಯಿ ತೆರೆಯುವ ಮೊದಲೇ ಅತ್ತೆ ಅವನ ಕಾಲು ತುಳಿದರು. "ಇನ್ಯಾರು, ನಮ್ಮ ಅಳಿಯಂದಿರೇ! ನಾನು ಬರೀ ಧೂಳು ತೊಳೆದೆ."

ಯಜಮಾನರು ಆಗಲೇ ಕೂತು ಕಾಗದ ಬರೆದರು. ಬರೆದು ಗಟ್ಟಿಯಾಗಿ ಓದಿದರು: "ಮಾನ್ಯರೇ, ತಾವು ಕೇಳಿದಂಥ ಮನುಷ್ಯ ನಮ್ಮಲ್ಲಿದ್ದಾನೆ. ಎಂಟು ತಿಂಗಳು ಅದು ನನಗೇ ತಿಳಿದಿರಲಿಲ್ಲ. ಈಗ ತಿಳಿಯಿತಾದ್ದರಿಂದ ಅವನನ್ನು ಕಳಿಸಿಕೊಡುವುದು ಸಾಧ್ಯವಿಲ್ಲ. ಕಾದು ಕೆಟ್ಟ ಎಂಜಿನ್ನುಗಳಿದ್ದರೆ ಅಷ್ಟನ್ನೂ ಇಲ್ಲಿಗೇ ಕಳಿಸಿ."

"ಯಜಮಾನ್ರೇ!" ಅಳಿಯನಿಗೆ ಅಳು ಬರುವುದೊಂದು ಬಾಕಿ. "ಅದು ನನ್ನ ತಲೆ ಅಲ್ಲ, ನಮ್ಮ ಅತ್ತೇದು! ಆಣೆ ಮಾಡಿ ಹೇಳ್ತೀನಿ!"

"ನೋಡಿದ್ರಾ ಡಾಕ್ಟರಮ್ಮ, ಎಂಥಾ ವಿನಯ!" ಎಂದು ಯಜಮಾನರು ಕೊನೆಗೆ ಇನ್ನೊಂದು ಸಾಲು ಸೇರಿಸಿದರು: "ನಡತೆಯೂ ಬಹಳ ಒಳ್ಳೆಯದು."

ಕಾಗದವನ್ನು ಟಪಾಲು ಡಬ್ಬಿಗೆ ಹಾಕುವ ಕೆಲಸ ಅಳಿಯನದೇ. ದಾರಿಯಲ್ಲಿ ಕಳೆದುಹೋಗದಿರಲೆಂದು ಕ್ಷೌರಿಕ, ದರ್ಜಿ ಎರಡೂ ಕಡೆ ಕಾವಲಾಗಿ ನಡೆದರು. ಅತ್ತೆ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದರು: "ತಪ್ಪಾಯ್ತು ಅಳಿಯಂದಿರೇ, ನಿಮಗೆ ಆ ಕೆಲಸ ಸಿಗ್ಲಿ ಅಂತಲೇ ಹಾಗಂದೆ. ನಿಜ ಹೇಳ್ಲಾ? ನೀವಿರೋ ಕೋಣೆ ಖಾಲಿ ಆಗ್ಲಿ ಅಂತ ನಂಗೂ ಆರು ವರ್ಷದಿಂದ ಆಸೆ."

ಅಳಿಯ ಅವರ ಮುಖ ನೋಡಿದ. ಇಷ್ಟು ಮನಸ್ಸು ಬಿಚ್ಚಿ ಅವರು ಅವನೊಡನೆ ಎಂದೂ ಮಾತಾಡಿರಲಿಲ್ಲ.

ಟಪಾಲು ಡಬ್ಬಿಯ ಬಾಯಲ್ಲಿ ಲಕೋಟೆ ಸಿಕ್ಕಿಕೊಂಡಿತು. "ತಳ್ಳಿ, ಜೋರಾಗಿ ತಳ್ಳಿ!" ಎಂದ ಕ್ಷೌರಿಕ. ಅಳಿಯ ತಳ್ಳಲಿಲ್ಲ. ಮಡಚಿಕೊಂಡಿದ್ದ ಮೂಲೆಯನ್ನು ಉಗುರಿನಿಂದ ನೆಟ್ಟಗೆ ಮಾಡಿದ. ಎಂಟು ತಿಂಗಳ ಕಾಗದ ಸದ್ದಿಲ್ಲದೆ ಒಳಗೆ ಜಾರಿತು.