ನಮ್ಮ ಮನೆಯವರ ಇಂಗ್ಲಿಷ್ ಜಡ್ಡು

ಗಂಡ ಹಾಲು ತರಲು ಹೋಗಿ ದಾಂಡೇಲಿಯಿಂದ ತಿರುಗಿ ಬಂದರೆ ಹೆಂಡತಿಯಾದವಳು ಏನು ಮಾಡಬೇಕು? ಬೇರೆ ಮನೆಗಳಲ್ಲಾದರೆ ಅಳುತ್ತಾರೋ, ತವರಿಗೆ ಹೋಗುತ್ತಾರೋ ಗೊತ್ತಿಲ್ಲ. ನಾನು ಕರಿ ಚಹಾ ಕುಡಿದು ಅಂಗನವಾಡಿಗೆ ಹೋದೆ.

ಬೆಳಿಗ್ಗೆ ಆರಕ್ಕೆ ಹಳಿಯಾಳದ ನಮ್ಮ ಮನೆಯಿಂದ ಕ್ಯಾನು ಹಿಡಿದು ಹೊರಟವರು ಮಧ್ಯಾಹ್ನ ಮೂರಕ್ಕೆ ಬಂದರು. (ಹಾಲಿನ ಮಾತು ಬಿಡಿ, ಕ್ಯಾನೂ ಬರಲಿಲ್ಲ.)

"ಎಲ್ಲಿ ಹೋಗಿದ್ರಿ?"

"ದಾಂಡೇಲಿಗೆ. ಕಾಳಿ ಹೊಳಿ ದಂಡಿ ಮ್ಯಾಲ ಮೊಸಳಿ ಮಲಗೇತಿ ಅಂತ ಲಾರಿ ಡ್ರೈವರ್ ಅಂದ. ಹತ್ತಿಬಿಟ್ಟೆ. ಏನ್ ಮೊಸಳಿ ಅಂತಿ ನಿಮ್ಮಿ! ಟೇಪು ಒಯ್ದಿದ್ದಿಲ್ಲ, ಒಯ್ದಿದ್ರ ಅಳತೀನ ತಗೋತಿದ್ದೆ."

"ಮೊಸಳಿಗೆ ಜಂಪರ ಹೊಲಿಯಾವ್ರಿದ್ರೇನು?"

"ಭಾಳ ಸಸಾರ ಆಗತಿತ್ತು. ಎದಿಗೂ ನಡಕ್ಕೂ ಒಂದ ಅಳತಿ!"

ಇಂಥ ಮಹಾನುಭಾವರೊಡನೆ ನಾನು ಹತ್ತೊಂಬತ್ತು ವರ್ಷ ಬಾಳುವೆ ಮಾಡಿದ್ದೆ. ಹೆಸರು ಈಶಪ್ಪ, ಪೇಟೆಯ ಓಣಿಯಲ್ಲಿ ಟೇಲರ್ ಅಂಗಡಿ. ಕೈಯಲ್ಲಿ ಕಸಬು ಇಲ್ಲವೆಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ದೂರದಿಂದ ನಡೆದು ಬರುವ ಹೆಣ್ಣುಮಗಳನ್ನು ನೋಡಿಯೇ ತೋಳಿನ ಸುತ್ತಳತೆ ಹೇಳಿಬಿಡುತ್ತಿದ್ದರು. (ಹೀಗೆ ಹೇಳಬೇಡಿ, ಯಾರಾದರೂ ಹೊಡೆದಾರು ಎಂದು ನಾನೇ ಬಾಯಿ ಮುಚ್ಚಿಸಿದ್ದುಂಟು.) ಆದರೆ ಹಿಡಿದ ಕೆಲಸ ಮುಗಿಯಬೇಕಲ್ಲ? ಅಂಗಡಿಯ ಗೂಟಗಳಿಗೆ ಒಂದೇ ತೋಳಿನ ಜಂಪರಗಳು, ಕಾಜಾ ಇಲ್ಲದ ಅಂಗಿಗಳು, ಒಂದು ಕಾಲು ಮಾತ್ರ ಹೊಲಿದ ಪ್ಯಾಂಟುಗಳು ಜೋತಾಡುತ್ತಿದ್ದವು. ಬಂದವರು ಇದು ಟೇಲರ್ ಅಂಗಡಿಯೋ ಅಪಘಾತದ ವಾರ್ಡೋ ಎಂದು ಬೆರಗಾಗಬೇಕು.

ನಾನು ಸುಮ್ಮನಿದ್ದೆನೆಂದಲ್ಲ. ಮೈಗಳ್ಳ, ಅಡ್ನಾಡಿ, ಲಕ್ಷ್ಯಗೇಡಿ ಎಂದು ಬೆಳಗಿನ ಪೂಜೆಯ ಜೊತೆಗೇ ನಿತ್ಯ ಸಹಸ್ರನಾಮ ನಡೆಸುತ್ತಿದ್ದೆ. ಒಬ್ಬಳೇ ಮಗಳು ಧಾರವಾಡದ ಹಾಸ್ಟೆಲ್ಲಿಗೆ ಹೋದ ಮೇಲೆ ಆ ಪೂಜೆಗೆ ಇನ್ನಷ್ಟು ಪುರುಸೊತ್ತು ಸಿಕ್ಕಿತ್ತು.

ಕೊನೆಗೆ ಮುದಕಪ್ಪನವರ ಮಗಳ ಮದುವೆ ಬಂತು. ಪೇಟೆಯಲ್ಲಿ ದೊಡ್ಡ ಕಿರಾಣಿ ಅಂಗಡಿಯ ಮುದಕಪ್ಪನವರು ಏಳು ಜಂಪರಗಳ ಅರಿವೆ ಕೊಟ್ಟಿದ್ದರು. ಅಕ್ಕಿಕಾಳಿನ ದಿನ, ಅಂದರೆ ಮುಹೂರ್ತದ ದಿನ, ನೋಡಿದರೆ ಏಳಕ್ಕೆ ಏಳನ್ನೂ ಕತ್ತರಿಸಿ ಇಟ್ಟಾಗಿದೆ, ಎಡ ತೋಳುಗಳನ್ನು ಹೊಲಿದಾಗಿದೆ, ಬಲ ತೋಳುಗಳು ಹುಟ್ಟೇ ಇಲ್ಲ. ಇವರು ಆ ವಾರವೆಲ್ಲ ಹಳೆಯ ಮಿಶಿನ್ ಒಂದನ್ನು ಬಿಚ್ಚಿ ಅದರ ಚಕ್ರ ಯಾಕೆ ಕಿರುಗುಟ್ಟುತ್ತದೆ ಎಂದು ಶೋಧನೆ ನಡೆಸಿದ್ದರಂತೆ. ಮದುಮಗಳು ಚಿಕ್ಕಮ್ಮನ ಸಡಿಲ ಜಂಪರಕ್ಕೆ ಪಿನ್ನು ಚುಚ್ಚಿಕೊಂಡು ತಾಳಿ ಕಟ್ಟಿಸಿಕೊಂಡಳು. ಮುದಕಪ್ಪನವರು ಅರಿವೆ ಗಂಟು ಹೊತ್ತುಕೊಂಡು ಹೋದರು. ಅವರ ಹಿಂದೆ ಅರ್ಧ ಪೇಟೆ ಹೋಯಿತು.

ಅದೇ ತಿಂಗಳು, ಅಂದರೆ ಎರಡು ಸಾವಿರದ ಏಳರ ಶ್ರಾವಣದಲ್ಲಿ, ನಮಗೆ ಅಂಗನವಾಡಿ ತರಬೇತಿ ಇತ್ತು. ಬಂದ ಮೇಡಮ್ಮು ಮಕ್ಕಳ ತೊಂದರೆಗಳ ಪಟ್ಟಿ ಓದಿದರು. "ಕೆಲವು ಮಕ್ಕಳಿಗೆ ಗಮನ ನಿಲ್ಲುವುದಿಲ್ಲ. ಹಿಡಿದ ಕೆಲಸ ಮುಗಿಸುವುದಿಲ್ಲ. ವಸ್ತುಗಳನ್ನು ಕಳೆಯುತ್ತವೆ. ಕೂತಲ್ಲಿ ಕೂಡುವುದಿಲ್ಲ. ಇದಕ್ಕೆ ಎ.ಡಿ.ಎಚ್.ಡಿ. ಎನ್ನುತ್ತಾರೆ." ಉಳಿದವರೆಲ್ಲ ತಮ್ಮ ಕೇಂದ್ರದ ಮಕ್ಕಳನ್ನು ನೆನೆಯುತ್ತಿದ್ದರೆ ನನ್ನ ಕಣ್ಣ ಮುಂದೆ ನಲವತ್ತೆರಡು ವರ್ಷದ, ಮೀಸೆ ಹೊತ್ತ ಒಂದು ಕೂಸು ಕ್ಯಾನು ಹಿಡಿದು ನಿಂತಿತು.

"ಮೇಡಮ್ಮಾರ, ಇದು ದೊಡ್ಡವರಿಗೂ ಬರತೈತೇನ್ರಿ?"

"ಸಣ್ಣವರಿದ್ದಾಗ ಇದ್ದದ್ದು ಕೆಲವರಿಗೆ ದೊಡ್ಡವರಾದ ಮ್ಯಾಲೂ ಉಳೀತದ್ರಿ."

ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ಕಾಶೆವ್ವ ಅರ್ಧ ಕಿವುಡಿ. "ಎಡಿ? ಯಾವ ದೇವರಿಗೆ ಎಡಿ ಹಿಡೀಬೇಕ?" ಎಂದಳು.

"ಎಡಿ ಅಲ್ಲತ್ತಿ, ಎ.ಡಿ.! ಜಡ್ಡು!"

"ಎಡಿ ಹಿಡದ್ರ ಜಡ್ಡು ಹೋಗತೈತಿ ಬಿಡವಾ. ಹೋಳಿಗಿ ಮಾಡೂಣು."

ಸರಕಾರಿ ದವಾಖಾನೆಗೆ ಹೋದೆ. ಮನಸ್ಸಿನ ಡಾಕ್ಟರರು ತಿಂಗಳಿಗೊಮ್ಮೆ ಬರುತ್ತಾರೆ, ಹೆಸರು ಹಚ್ಚಿ ಹೋಗಿರಿ ಎಂದರು. ಹಚ್ಚಿದೆ. ಮುಂದಿನ ತಿಂಗಳು ಡಾಕ್ಟರರಿಗೆ ಮೀಟಿಂಗು. ಅದರ ಮುಂದಿನ ತಿಂಗಳು ಮಳೆಗೆ ರಸ್ತೆ ಕೆಟ್ಟಿತ್ತು. ಮೂರನೆಯ ತಿಂಗಳು ಬಂದರು, ಆದರೆ ನನ್ನ ಪಾಳಿ ಬರುವ ಮೊದಲೇ ಸಂಜೆ ಬಂತು. ಕಂಪೌಂಡರ್ ಸಮಾಧಾನ ಹೇಳಿದ: "ಅಕ್ಕಾರ, ಇಷ್ಟ ವರ್ಷ ತಡಕೊಂಡೀರಿ, ಇನ್ನೆರಡ ತಿಂಗಳು ತಡಕೊಳ್ರಿ."

ಅವನ ಮಾತು ನ್ಯಾಯವಾಗಿಯೇ ಇತ್ತು. ಅಂಗಡಿಗೆ ಬರುವವರು ಮಾತ್ರ ತಡೆದುಕೊಳ್ಳಲು ತಯಾರಿರಲಿಲ್ಲ. ದಿನಕ್ಕೊಬ್ಬರು ಬಂದು ಅರಿವೆ ತಿರುಗಿ ಒಯ್ಯುತ್ತಿದ್ದರು. ಇವರು ಖಾಲಿ ಗೂಟಗಳನ್ನು ನೋಡುತ್ತ, "ಅಂಗಡ್ಯಾಗ ಗಾಳಿ ಛಲೋ ಬರಾಕ್ಹತ್ತೈತಿ" ಎನ್ನುತ್ತಿದ್ದರು. ನಕ್ಕಂತೆ ಮಾಡಿ ಹೇಳುತ್ತಿದ್ದರು. ಆದರೆ ಊಟ ಅರ್ಧಕ್ಕೆ ಇಳಿದಿತ್ತು.

ಮಿಕ್ಸರಿಗೆಂದು ಕೂಡಿಟ್ಟದ್ದನ್ನು ತೆಗೆದು ಹುಬ್ಬಳ್ಳಿಯ ಖಾಸಗಿ ದವಾಖಾನೆಗೇ ಹೋಗುವುದೆಂದು ನಿಶ್ಚಯಿಸಿದೆ. ಇವರಿಗೆ ಖರೇ ಹೇಳಿದರೆ ಬರುತ್ತಾರೆಯೇ? "ನನಗ ತಲಿಶೂಲಿ, ಒಬ್ಬಾಕಿ ಹೋಗಾಕ ಅಂಜಿಕಿ" ಎಂದೆ. ಹೆಸರೂ ನನ್ನದೇ ಬರೆಸಿದೆ. ಒಳಗೆ ಹರೆಯದ ಡಾಕ್ಟರಮ್ಮ ಕೇಳಿದರು: "ಪೇಶಂಟ್ ಯಾರ್ರಿ?"

ನಾನು ಇವರತ್ತ ಬೆರಳು ಮಾಡಿದೆ. ಇವರು ನನ್ನತ್ತ ಬೆರಳು ಮಾಡಿದರು.

"ಇಬ್ಬರೂ ಕೂಡ್ರಿ" ಎಂದರು ಡಾಕ್ಟರಮ್ಮ.

ಸಂಗತಿ ಹೊರಬಿದ್ದಾಗ ಇವರು ಎದ್ದು ಹೋಗುತ್ತಾರೆಂದುಕೊಂಡೆ. ಹೋಗಲಿಲ್ಲ. ನನ್ನ ಮುಖ ನೋಡಿ, "ಅಷ್ಟ ಬ್ಯಾಸರಾಗೇತೇನ ನನ್ನ ಕೂಡ?" ಎಂದರು, ಅಷ್ಟೇ. ಡಾಕ್ಟರಮ್ಮ ನನ್ನ ಕೈಗೆ ಒಂದು ಕಾಗದ ಕೊಟ್ಟರು. ಪ್ರಶ್ನೆಗಳ ಮುಂದೆ 'ಎಂದೂ ಇಲ್ಲ', 'ಒಮ್ಮೊಮ್ಮೆ', 'ಬಹಳ ಸಲ' ಎಂದಿತ್ತು. ಹತ್ತೊಂಬತ್ತು ವರ್ಷದಿಂದ ಯಾರೂ ನನ್ನನ್ನು ಇಷ್ಟು ವಿವರವಾಗಿ ವಿಚಾರಿಸಿರಲಿಲ್ಲ. ಉತ್ಸಾಹದಿಂದ 'ಬಹಳ ಸಲ'ಕ್ಕೆಲ್ಲ ಗುರುತು ಹಾಕಿ, ಅಂಚಿನಲ್ಲಿ ಮೊಸಳೆಯ ವೃತ್ತಾಂತ ಬರೆದು, ಜಾಗ ಸಾಲದೆ ಇನ್ನೊಂದು ಹಾಳೆ ಬೇಡಿದೆ.

"ಅಕ್ಕಾರ, ಬರೇ ಗುರುತು ಹಾಕ್ರಿ ಸಾಕು."

ಅಷ್ಟರಿಂದ ಮುಗಿಯಲಿಲ್ಲ. ಇವರನ್ನು ಸಣ್ಣಂದಿನಿಂದ ಕಂಡವರು ಬೇಕೆಂದರು. ಎರಡನೆಯ ಸಲ ಅತ್ತೆಯನ್ನೂ ಕರೆದೊಯ್ದೆ. ಡಾಕ್ಟರಮ್ಮ ಕಿವಿಯ ಹತ್ತಿರ ಬಾಗಿ ಕೇಳಿದರು: "ಅಮ್ಮಾ, ನಿಮ್ಮ ಮಗ ಸಣ್ಣಾಂವ ಇದ್ದಾಗ ಹೆಂಗಿದ್ದ?"

"ಕಂಬಕ್ಕ ಕಟ್ಟತಿದ್ದೆನ್ರಿ" ಎಂದಳು ಅತ್ತೆ. "ಹಳೀ ಸೀರಿ ಹರದು ಕಟ್ಟತಿದ್ದೆ. ನಾ ಕೂಲಿಗೆ ಹೋಗಬೇಕಲ್ರಿ. ಹಿತ್ತಲದಾಗ ಬಾವಿ ಇತ್ತು. ಬಿಟ್ರ ಓಡತಿದ್ದ." ಹೇಳುತ್ತ ಹೇಳುತ್ತ ಡಾಕ್ಟರಮ್ಮನ ಕೈ ಹಿಡಿದಳು. "ನಾ ಕಟ್ಟಿದ್ದಕ್ಕ ಹಿಂಗಾತೇನ್ರಿ?"

"ಇಲ್ಲಮ್ಮಾ. ನೀವು ಕಟ್ಟಿದ್ದಕ್ಕ ಉಳದಾರ."

ಇವರು ತಾಯಿಯ ಸೆರಗಿನ ಅಂಚಿನಲ್ಲಿ ಬಿಚ್ಚಿದ್ದ ಒಂದು ದಾರವನ್ನೇ ನೋಡುತ್ತಿದ್ದರು.

ತೀರ್ಪು ಬಂತು. ಎ.ಡಿ.ಎಚ್.ಡಿ. ಹೌದು. ಮೈಗಳ್ಳತನ ಅಲ್ಲ. ಹುಬ್ಬಳ್ಳಿಯಲ್ಲೂ ಒಂದೇ ಅಂಗಡಿಯಲ್ಲಿ ಸಿಗುವ ಗುಳಿಗೆ ಬರೆದರು. ಒಂದು ಸಲಕ್ಕೆ ಒಂದೇ ಕೆಲಸ, ಮಾಡಬೇಕಾದ್ದನ್ನು ಗೋಡೆಗೆ ಬರೆದು ಹಚ್ಚಬೇಕು, ಬೈಯಬಾರದು ಎಂದು ನನಗೂ ಪಥ್ಯ ಹೇಳಿದರು. (ಕೊನೆಯದಕ್ಕೆ ನನಗೊಂದು ಗುಳಿಗೆ ಬೇಕಿತ್ತು.)

ಬಸ್ಸು ಧಾರವಾಡ ದಾಟಿತು. ಅತ್ತೆ ನಿದ್ದೆ ಹೋಗಿದ್ದಳು. ಇವರು ಕಿಟಕಿಯ ಹೊರಗೆ ನೋಡುತ್ತ ಕೂತಿದ್ದರು.

"ಸಿಟ್ಟು ಬಂದೈತೇನ್ರಿ?"

"ಇಲ್ಲ. ಸಾಲ್ಯಾಗ ಮಾಸ್ತರು ಮೈಗಳ್ಳ ಅಂದ್ರು. ಮನ್ಯಾಗ ಅಪ್ಪ ಅಂದಾ. ಆಮ್ಯಾಲ ನೀ ಬಂದಿ, ನೀನೂ ಅಂದಿ. ಮೂರೂ ಮಂದಿ ಒಂದ ಮಾತ ಅಂದ್ರ ಖರೇನ ಇರಬೇಕಂತ ನಾನೂ ಒಪ್ಪಿಕೊಂಡಿದ್ದೆ."

ಊರು ಹತ್ತಿರ ಬಂದಾಗ ಅವರೇ ಹೇಳಿದರು: "ಇದನ್ನ ಯಾರ ಮುಂದೂ ಆಡಬ್ಯಾಡ ನಿಮ್ಮಿ. ಅದೊಂದು ಮಾಡು."

ಗುಳಿಗೆಯಿಂದ ಪವಾಡವೇನೂ ಆಗಲಿಲ್ಲ. ಮೊದಲ ವಾರ ಹಸಿವೆಯೇ ಇಲ್ಲವೆಂದು ತಟ್ಟೆ ಸರಿಸಿದರು. ಎರಡನೆಯ ವಾರ ಒಂದು ಅಂಗಿಗೆ ಆರೂ ಕಾಜಾ ಮುಗಿಸಿದರು. ಆಮೇಲೆ ದಿನಕ್ಕೊಂದರಂತೆ ಗೂಟದ ಮೇಲೆ ಉಳಿದಿದ್ದ ಅಪಘಾತಗಳೆಲ್ಲ ಕೈಕಾಲು ಪಡೆದು ಎದ್ದು ಕೂತವು. ಅವನ್ನು ಇಸ್ತ್ರಿ ಮಾಡಿ ಸಾಲಾಗಿ ತೂಗುಹಾಕಿ ಇವರು ಬಾಗಿಲಲ್ಲಿ ನಿಂತು ನೋಡಿದ್ದನ್ನು ನಾನು ಕಂಡಿದ್ದೇನೆ. ಇಂಥದ್ದನ್ನು ಕಂಡ ಮೇಲೆ ಹೆಂಗಸಿನ ಬಾಯಿ ಎಷ್ಟು ದಿನ ಮುಚ್ಚಿದ್ದೀತು?

ಇಪ್ಪತ್ತೊಂದು ದಿನ. ಮುದಕಪ್ಪನವರ ಅಂಗಡಿಗೆ ಬೆಲ್ಲ ತರಲು ಹೋಗಿದ್ದೆ. ಅಲ್ಲಿ ನಾಲ್ಕು ಮಂದಿ ನಿಂತಿದ್ದರು.

"ಏನಂತಾನ ನಿನ್ನ ಗಂಡ, ಮೈಗಳ್ಳ?" ಎಂದರು ಮುದಕಪ್ಪನವರು.

"ಮೈಗಳ್ಳ ಅನಬ್ಯಾಡ್ರಿ!" ನನ್ನ ಮೈಯಲ್ಲಿ ದೇವರು ಬಂದಂತಾಯಿತು. "ಹುಬ್ಬಳ್ಳಿ ಡಾಕ್ಟರು ಬರದು ಕೊಟ್ಟಾರ! ದೊಡ್ಡ ಇಂಗ್ಲಿಷ್ ಹೆಸರೈತಿ! ಅದು ಮೈಯಾಂದಲ್ಲ, ಮಿದುಳಿಂದು!"

ಗಂಡನ ಮಾನ ಉಳಿಸಿದೆನೆಂದು ಸೆರಗು ಸಿಕ್ಕಿಸಿಕೊಂಡು ಗೆದ್ದವಳಂತೆ ಮನೆಗೆ ಬಂದೆ. (ಬೆಲ್ಲ ಅಲ್ಲೇ ಉಳಿಯಿತು.) ಸಂಜೆಯೊಳಗೆ ನನ್ನ ಮಾತಿನಲ್ಲಿ ಎಲ್ಲ ಬಿದ್ದುಹೋಗಿ 'ಮಿದುಳು' ಒಂದೇ ಊರು ಸುತ್ತಿ ಬಂದಿತ್ತು. ಟೇಲರ್ ಈಶಪ್ಪನಿಗೆ ತಲೆ ಕೆಟ್ಟಿದೆಯಂತೆ. ಹೆಂಡತಿಯೇ ಹೇಳಿದಳಂತೆ.

ಉಳಿದಿದ್ದ ಗಿರಾಕಿಗಳೂ ಬರುವುದನ್ನು ಬಿಟ್ಟರು. ಮುಗಿದ ಬಟ್ಟೆ ಒಯ್ಯಲು ಬಂದವರು ಹೊಸ್ತಿಲ ಹೊರಗಿಂದಲೇ ಕೈ ಚಾಚಿದರು. ಇವರೊಡನೆ ಗಟ್ಟಿಯಾಗಿ, ಬಿಡಿಬಿಡಿಯಾಗಿ, ಕೂಸಿಗೆ ಹೇಳಿದಂತೆ ಮಾತಾಡಿದರು. ಅಂಗಿಯ ಅಳತೆ ಕೊಡಲು ಬಂದ ಒಬ್ಬ ಪುಣ್ಯಾತ್ಮ, ಇವರು ಟೇಪು ಹುಡುಕಲು ತಿರುಗಿದಾಗ ಮೇಜಿನ ಮೇಲಿನ ಕತ್ತರಿಯನ್ನು ಮೆಲ್ಲಗೆ ದೂರ ಸರಿಸಿದ. ಇವರು ನೋಡಿದರು. ನೋಡಿ ಅಳತೆ ಬರೆದುಕೊಂಡರು. ಅವನು ಅರಿವೆ ತರಲೇ ಇಲ್ಲ.

ಇವರಿಗೆ ಈಗ ಕೆಲಸ ಮುಗಿಸಲು ಬರುತ್ತಿತ್ತು, ಮುಗಿಸಲು ಕೆಲಸ ಇರಲಿಲ್ಲ.

"ಬೈರಿ ನನ್ನ" ಎಂದೆ. "ಒಂದ ಸಲ ಬಾಯಿ ತುಂಬ ಬೈದುಬಿಡ್ರಿ."

"ಬೈಸಿಕೊಂಡ್ರ ಹೆಂಗ ಅನಸತೈತಿ ನನಗ ಗೊತ್ತೈತಿ" ಎಂದರು. "ಬ್ಯಾಡ."

ಹದಿನೈದು ದಿನದ ಮೇಲೆ ಅಂಗನವಾಡಿಯ ನನ್ನ ಜೊತೆಗಾರ್ತಿ ಶಿವವ್ವ ಧೈರ್ಯ ಮಾಡಿದಳು. ಮುಂಡಗೋಡ ಕಡೆ ಇಂದೂರದಲ್ಲಿ ಅವಳ ತಂಗಿಯ ಕೂಸಿನ ಹೆಸರಿಡುವ ಕಾರ್ಯ. ಶನಿವಾರ ನಾಲ್ಕು ಗಂಟೆಯ ಬಸ್ಸಿಗೆ ಹೋಗುವವಳು, ಅಷ್ಟರೊಳಗೆ ರೇಷ್ಮೆ ಜಂಪರ ಬೇಕು. ಇವರು ಶುಕ್ರವಾರವೇ ಮುಗಿಸಿದರು. ತೋಳಿನ ಅಂಚಿಗೆ ಕೇಳದೆಯೇ ಕಸೂತಿಯ ಗೋಪುರ ಹಾಕಿದ್ದರು. ಪೇಪರಿನಲ್ಲಿ ಸುತ್ತಿ ದಾರ ಕಟ್ಟಿ, "ನೀನ ಬಸ್‌ಸ್ಟ್ಯಾಂಡಿಗೆ ಕೊಟ್ಟು ಬಾ. ನಾ ಹೋದ್ರ ಮಂದಿ ನೋಡ್ತಾರ" ಎಂದರು.

ಮೂರಕ್ಕೇ ಹೊರಟೆ. ದಾರಿಯಲ್ಲಿ ಹಿಟ್ಟಿನ ಗಿರಣಿ. ಖಾರ ಕುಟ್ಟಿಸಲು ಬಂದ ನಾಲ್ಕೈದು ಹೆಂಗಸರು ನನ್ನನ್ನು ಕಂಡು, "ಹೆಂಗದಾರ್ರಿ ನಿಮ್ಮವರು, ಪಾಪ?" ಎಂದರು. ಆ 'ಪಾಪ' ನನ್ನನ್ನು ಚುಚ್ಚಿತು. ಕೆಡಿಸಿದ್ದನ್ನು ನಾನೇ ಸರಿಪಡಿಸಬೇಕಲ್ಲವೇ? ಅಲ್ಲೇ ಕಟ್ಟೆಯ ಮೇಲೆ ಕೂತು ಅದು ಹುಚ್ಚಲ್ಲ, ಗಮನದ ತೊಂದರೆ, ಮೊದಲು ಹೇಗೆ ಎಲ್ಲೆಂದರಲ್ಲಿ ಸಾಮಾನು ಬಿಟ್ಟುಬರುತ್ತಿದ್ದರು, ಈಗ ಹೇಗೆ ಒಂದನ್ನೂ ಮರೆಯುವುದಿಲ್ಲ ಎಂದು ಕೈ ತಿರುಗಿಸಿ ತಿರುಗಿಸಿ ವಿವರಿಸಿದೆ. ಎಲ್ಲರೂ ಸೀನುತ್ತ ತಲೆಯಾಡಿಸಿದರು. ಸಾರ್ಥಕವಾಯಿತೆಂದು ಎದ್ದು ಬಸ್‌ಸ್ಟ್ಯಾಂಡಿಗೆ ಓಡಿದೆ. ಶಿವವ್ವ ಬಸ್ಸಿನ ಕಿಟಕಿಯಿಂದ ಕೈ ಚಾಚಿದಳು.

ನನ್ನ ಕೈಯಲ್ಲಿ ಏನೂ ಇರಲಿಲ್ಲ.

ತಿರುಗಿ ಓಡಿ ಬರುವಷ್ಟರಲ್ಲಿ ಗಿರಣಿಯ ಕಟ್ಟೆ ಖಾಲಿ. ಸಾಂಬ್ರಾಣಿ ಊರಿನ ಯಾರೋ ತಮ್ಮ ಖಾರದ ಚೀಲಗಳ ಜೊತೆಗೆ ಆ ಗಂಟನ್ನೂ ಎತ್ತಿಕೊಂಡು ಹೋಗಿದ್ದರಂತೆ. ಅತ್ತ ನಾಲ್ಕರ ಬಸ್ಸೂ ಹೋಯಿತು.

ಮನೆಗೆ ಬಂದು ಹೇಳಿದೆ. ಎಲ್ಲ ಹೇಳಿದೆ, ಗಿರಣಿಯ ಉಪನ್ಯಾಸವನ್ನೂ ಬಿಡಲಿಲ್ಲ. ಇವರು ಮಿಶಿನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಪೂರ್ತಿ ಕೇಳಿದರು.

"ಸೋಮವಾರ ಶಿವವ್ವ ಕೇಳ್ತಾಳ್ರಿ. ಊರ ಮಂದೀನೂ ಕೇಳ್ತಾರ. ಏನಂತ ಹೇಳ್ಲಿ?"

"ನಾ ಕೊಡಾಕ ಮರ್ತೆ ಅಂತ ಹೇಳು" ಎಂದರು ಮೆಲ್ಲಗೆ. "ನಂಬ್ತಾರ."

ಸೋಮವಾರ ಶಿವವ್ವ ಕೇಳಿದಳು. ನಾನು ಹಾಗೆಯೇ ಹೇಳಿದೆ. ನಂಬಿದಳು.